ಅಸ್ತರದ ಹೊಲಿಗೆ

ಕಸ್ತೂರೆಮ್ಮ ವಿಭೂತಿ ಹಚ್ಚಲು ಹೆಣದ ಹಣೆಯತ್ತ ಕೈ ಚಾಚಿದ್ದೇ ತಡ, ಸತ್ತವನ ಹೆಂಡತಿ ಶೇಖರಮ್ಮ ಅಳು ನಿಲ್ಲಿಸಿ ಆ ಕೈಯನ್ನೇ ನೋಡಿದಳು. ಬಲಗೈ.

ನಂಬಿಕೆಯೇನೂ ಬರಲಿಲ್ಲ. ಸತ್ತ ಮನೆಯಲ್ಲಿ, ಇಷ್ಟು ಮಂದಿಯ ಮುಂದೆ ಎಡಗೈ ತೆಗೆಯಲು ಅವಳೇನು ದಡ್ಡಿಯೇ? ಕಸ್ತೂರೆಮ್ಮ ಲಿಂಗಸುಗೂರಿನಲ್ಲಿ ಕೌದಿ ಹೊಲಿದು ಬದುಕುವ ವಿಧವೆ. ದೂರದ ನೆಂಟಸ್ತಿಕೆ ಹೇಳಿಕೊಂಡು ಬೆಳಗಿನ ಬಸ್ಸಿಗೇ ಬಂದಿದ್ದಳು. ಇಷ್ಟು ಅವಸರ ಯಾಕೆ? ಗೋಡೆಗೆ ಆನಿಸಿ ಕೂರಿಸಿದ್ದ ದರ್ಜಿ ಹಂಪಣ್ಣ ಮಾತ್ರ ಹೂವಿನ ಹಾರದೊಳಗೆ, ಬದುಕಿದ್ದಾಗಿನಂತೆಯೇ, ತನಗೇನೂ ಗೊತ್ತಿಲ್ಲವೆಂಬ ಮುಖ ಮಾಡಿಕೊಂಡಿದ್ದ.

"ಅತ್ತುಬಿಡಬೇ ಯವ್ವಾ, ಎದಿ ಹಗುರಾಗತೈತಿ," ಎಂದಳು ಪಕ್ಕದ ಮನೆಯ ಗಿರಿಯಮ್ಮ.

"ಅಳತೀನಿ. ಮೊದಲ ಎಲ್ಲಾರೂ ಬಂದು ಹೋಗಲಿ."

*

ಮಸ್ಕಿಯ ಸುತ್ತ ಬಯಲಾಟ ಎಲ್ಲೇ ಇರಲಿ, ರಾಜನ ಮೈಮೇಲಿನ ಮಖಮಲ್ ಜಾಕೀಟು ಹಂಪಣ್ಣನದೇ. ಮೇಲಿನ ಬಟ್ಟೆ, ಒಳಗಿನ ಅಸ್ತರ ಎರಡನ್ನೂ ಮುಖಕ್ಕೆ ಮುಖ ಹಚ್ಚಿ ಸುತ್ತ ಮಿಷನ್ನು ಹೊಡೆದು, ಕೆಳಗೆ ಗೇಣಗಲ ಬಿಟ್ಟ ಬಾಯಿಯಿಂದ ಇಡೀ ಜಾಕೀಟನ್ನು ಹೊರಳಿಸಿ ತೆಗೆಯುತ್ತಿದ್ದ. ಕಡೆಗೆ ಆ ಬಾಯಿಯನ್ನು ಕೈಹೊಲಿಗೆಯಲ್ಲಿ ಮುಚ್ಚಬೇಕು. ನಲವತ್ತೆಂಟನೇ ಇಸವಿಯ ಕೋಮುಗಲಾಟೆ ಮುಗಿದ ಮೇಲೆ ಆ ಕೊನೆಯ ಕೆಲಸ ಮನೆಯಲ್ಲಿ ಆಗುತ್ತಿರಲಿಲ್ಲ. ಗುರುವಾರ ಗಂಟು ಕಟ್ಟಿಕೊಂಡು ಲಿಂಗಸುಗೂರಿಗೆ ಹೋಗುತ್ತಿದ್ದ, ಬಾಯಿ ಮುಚ್ಚಿದ ಜಾಕೀಟುಗಳನ್ನು ತರುತ್ತಿದ್ದ. ಗುಂಡಿ ಹಚ್ಚುವಾಗ ಶೇಖರಮ್ಮ ಕಂಡುಕೊಂಡಳು: ಗಂಡನ ಹೊಲಿಗೆ ಬಲಕ್ಕೆ ಬಾಗುತ್ತದೆ, ಇದು ಎಡಕ್ಕೆ.

"ಇದನ್ನ ಯಾರು ಹೊಲಿದಾರ್ರಿ?"

"ನಾನ."

"ನಿಮ್ಮ ಕೈ ಯಾವಾಗಿಂದ ಎಡಕ್ಕ ತಿರುಗೇತಿ?"

ಹಂಪಣ್ಣ ತಲೆ ತಗ್ಗಿಸಿ ಮಿಷನ್ನು ತುಳಿದ. ಅಂದಿನಿಂದ ಅವಳು ಗೋಡೆಯತ್ತ ಮುಖ ಮಾಡಿ ಮಲಗತೊಡಗಿದಳು. ಯಾವಳೋ ಎಡಚಿ ತನ್ನ ಸಂಸಾರದೊಳಗೆ ಹೊಕ್ಕಿದ್ದಾಳೆಂದು ಹೊಟ್ಟೆ ಉರಿಯುತ್ತಿತ್ತು.

*

ಮಧ್ಯಾಹ್ನ ಹೆಣ ಹೊರುವ ಬಿದಿರಿನ ವಿಮಾನದಲ್ಲಿ ಹಂಪಣ್ಣನನ್ನು ಕೂರಿಸಿ ಎತ್ತುವಾಗ, ಮೇಲೆ ಕಟ್ಟಿದ್ದ ಬಿಳಿ ಬಟ್ಟೆ ಬಿದಿರಿಗೆ ಸಿಕ್ಕಿ ಪರ್ರನೆ ಹರಿಯಿತು. ಹಂಪಣ್ಣನ ತಮ್ಮ ಅಮರಗುಂಡಪ್ಪ ಸೂಜಿ ಹಿಡಿದು ತಡಕಾಡಿದ. ಹೊಲಿಯಬಲ್ಲವನು ವಿಮಾನದಲ್ಲಿ ಕೂತಿದ್ದ.

ಬೇವಿನ ಮರದ ಕೆಳಗೆ ದೂರ ನಿಂತಿದ್ದ ಮುದುಕನೊಬ್ಬ ಬಂದು, ಸೂಜಿ ತೆಗೆದುಕೊಂಡು ಹರಿದದ್ದನ್ನು ಹೊಲಿದ. ಎಡಗೈಯಲ್ಲಿ.

ಶೇಖರಮ್ಮ ಎದ್ದು ಬಂದು ಬಟ್ಟೆಯ ಹತ್ತಿರ ಮುಖ ಒಯ್ದು ನೋಡಿದಳು. ಎಡಕ್ಕೆ ಬಾಗಿದ ಅದೇ ಹೊಲಿಗೆ.

"ನೀವು ಯಾರ್ರಿ?"

"ಲಿಂಗಸುಗೂರಿನ ದಸ್ತಗೀರ್‌ಸಾಬ್, ತಾಯಿ. ಗಲಾಟಿ ಆದಮ್ಯಾಲೆ ನನಗ ಯಾರೂ ಬಟ್ಟಿ ಕೊಡಲಿಲ್ಲ. ಹಂಪಣ್ಣ ಅಸ್ತರದ ಕೆಲಸ ತಂದು ಕೊಡತಿದ್ದ."

"ನನಗ್ಯಾಕ ಹೇಳಲಿಲ್ಲ?"

ಮುದುಕ ಸೂಜಿಯನ್ನೇ ನೋಡಿದ. "ಗಲಾಟ್ಯಾಗ ನಮ್ಮ ಮಂದಿ ನಿಮ್ಮ ತಮ್ಮನ್ನ ಕೊಂದ್ರಲ್ಲ. 'ನಮ್ಮಾಕಿ ಮುಂದ ನಿನ್ನ ಹೆಸರು ಹ್ಯಾಂಗ ತಗೀಲಿ' ಅಂತಿದ್ದ."

ಸಾಬರಿಗೆ ನೀರು ಕೊಟ್ಟರೂ ಈ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂದವಳು ತಾನೇ. ಇನ್ನೊಬ್ಬ ಹೆಂಗಸು ಇರಲೇ ಇಲ್ಲ. ಗಂಡ ಇಷ್ಟು ವರ್ಷ ಹೆದರಿದ್ದು ತನಗೆ. ಯಾವಳೋ ಇದ್ದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ ಅನ್ನಿಸಿತು ಅವಳಿಗೆ.

ಮಂದಿಯಲ್ಲಿ ಗುಸುಗುಸು ಎದ್ದಿತು. ಅಮರಗುಂಡಪ್ಪ ಒಳಗಿಂದ ಕತ್ತರಿ ತಂದ.

"ಅತ್ತಿಗಿ, ಇವ ಹೊಲಿದದ್ದು ಅಣ್ಣನ ಮ್ಯಾಲೆ ಬ್ಯಾಡ. ಬಿಚ್ಚಿ ಗಂಟು ಹಾಕತೀನಿ."

"ಕತ್ತರಿ ಇಲ್ಲಿ ಕೊಡು."

ತಾನೇ ಬಿಚ್ಚುತ್ತಾಳೆಂದುಕೊಂಡು ಅವನು ಕೊಟ್ಟ.

"ಈಗ ಎತ್ರಿ," ಎಂದಳು ಶೇಖರಮ್ಮ.

ಎತ್ತಿದರು. ಆದರೂ ಅವರ ಮೇಲೆ ಅವಳಿಗೆ ನಂಬಿಕೆ ಹುಟ್ಟಲಿಲ್ಲ. ವಿಮಾನ ಓಣಿಯ ತಿರುವು ದಾಟುವ ತನಕ, ಕತ್ತರಿಯನ್ನು ಸೆರಗಿನಡಿ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ನಿಂತಿದ್ದಳು.