ಸ್ಟಿಕ್ಕರಿನ ಕೆಳಗಿನ ದೇಶ

ಬಿಸಿಲಿಗೆ ಗೋಂದು ಮೆತ್ತಗಾಗಿದೆ, ಅದಕ್ಕೇ ಮೂಲೆ ಎದ್ದಿದೆ, ನನ್ನ ಉಗುರು ಸುಮ್ಮನೆ ತಾಗಿತು ಅಷ್ಟೇ, ಕಿತ್ತು ನೋಡಬೇಕೆಂದು ಹತ್ತಿ ಬಂದವಳಲ್ಲ ನಾನು, ಕೆಳಗೆ ಬಸುರಿ ಗೆಳತಿ ಭಾಗ್ಯಾಳ ಕುಬಸದ ಗದ್ದಲದಲ್ಲಿ ಫೋನು ಕೇಳಿಸುವುದಿಲ್ಲವೆಂದು ಈ ಮಾಳಿಗೆಗೆ ಬಂದೆ, ಇಲ್ಲಿ ನೋಡಿದರೆ ಗೋಡೆಗೆ ಒರಗಿಸಿಟ್ಟ ಸೋಲಾರ್ ಪ್ಯಾನೆಲ್ಲು, ನಮ್ಮದೇ ಅಂಗಡಿಯದು, ಸ್ಟ್ಯಾಂಡ್ ಸಾಲದೆ ಉಳಿದದ್ದಂತೆ, ಬೆನ್ನು ಈಚೆ ಮಾಡಿ ನಿಂತಿದೆ — ಮೇಲಿನ ಸ್ಟಿಕ್ಕರಿನಲ್ಲಿ ವಿಯೆಟ್ನಾಂ, ಎದ್ದ ಮೂಲೆಯ ಕೆಳಗೆ ಇನ್ನೊಂದು ಸ್ಟಿಕ್ಕರು, ಅದರಲ್ಲಿ ಚೀನಾ. ಒಂದೇ ಪ್ಯಾನೆಲ್ಲು ಎರಡು ದೇಶದಲ್ಲಿ ಹುಟ್ಟುವುದು ಹೇಗೆ, ಯಾವ ಬಸುರಿ ಎರಡು ಊರಲ್ಲಿ ಹೆರುತ್ತಾಳೆ, ಕೆಳಗೆ ಹೆಂಗಸರು ಹಾಡುತ್ತ ಭಾಗ್ಯಾಳ ಉಡಿ ತುಂಬುತ್ತಿದ್ದಾರೆ, ಮತ್ತೆ ಫೋನು, ಇವರೇ — ತ್ರಿಶಲಾ, ಓಟಿಪಿ ಬಂತೇನ? ಬಂದೈತ್ರಿ. ಮತ್ತ ಹೇಳಲ್ಲ. ಇಲ್ಲಿ ಸದ್ದ ಭಾಳ ಐತ್ರಿ, ಒಂದ್ ಚೂರ ತಡೀರಿ — ಫೋನು ಕಟ್ ಮಾಡಿದೆ. ಮಾಳಿಗೆಯ ಮೇಲೆ ಯಾವ ಸದ್ದೂ ಇಲ್ಲ. ಇವರಿಗೆ ಹೀಗೆ ಸುಳ್ಳು ಹೇಳಿದ್ದು ಇದೇ ಮೊದಲಿರಬೇಕು. ಪರದೆಯ ಮೇಲೆ ಕಪ್ಪು ಅಂಕಿಗಳು ನನ್ನನ್ನೇ ನೋಡುತ್ತಿವೆ.

ಅಂಕಿ ಬರುವುದು ನನ್ನ ಫೋನಿಗೆ, ಅಂಗಡಿ ನನ್ನ ಹೆಸರಿನಲ್ಲಿದೆಯಲ್ಲ, ತ್ರಿಶಲಾ ಸೋಲಾರ್, ಹೊರದೇಶದಿಂದ ಮಾಲು ತರಿಸುವ ಪರವಾನಗಿಯೂ ನನ್ನದೇ, ಮುಂಬಯಿ ಬಂದರಿನಲ್ಲಿ ಕಂಟೇನರ್ ಬಿಡಿಸುವಾಗಲೆಲ್ಲ ಒಂದು ಕೈಯಲ್ಲಿ ಲಟ್ಟಣಿಗೆ ಇನ್ನೊಂದರಲ್ಲಿ ಫೋನು ಹಿಡಿದು ಕಿರಾಣಿ ಯಾದಿ ಓದಿದಂತೆ ಓದಿ ಹೇಳಿದ್ದೇನೆ, ಯಾವುದಕ್ಕೆ ಅಂತ ಕೇಳಿದವಳಲ್ಲ, ನಿಡಸೋಸಿಯ ಕಾಲೇಜಿನಲ್ಲಿ ಭಾಗ್ಯಾಳ ಪಕ್ಕ ಕೂತು ಎಲೆಕ್ಟ್ರಿಕಲ್ ಓದಿದ ನಾನು, ಪರೀಕ್ಷೆಯಲ್ಲಿ ಇದೇ ಪ್ಯಾನೆಲ್ಲಿನ ಹೊಟ್ಟೆಯನ್ನೆಲ್ಲ ಬಿಡಿಸಿ ಬರೆದ ನಾನು, ಒಮ್ಮೆಯೂ ಅದರ ಬೆನ್ನು ತಿರುಗಿಸಿ ನೋಡಲಿಲ್ಲ. ಇವತ್ತು ಮುಂಜಾನೆ ಅವಲಕ್ಕಿ ತಿನ್ನುತ್ತ ತಾವಾಗಿಯೇ ಹೇಳಿದರು, ಕಸ್ಟಮ್ಸನವರು ಒಂದ್ ಪ್ರಶ್ನಿ ಕೇಳ್ಯಾರ, ಇವತ್ತ ಉತ್ತರಾ ಹೋಗಬೇಕ, ಮಾಲು ಎಲ್ಲಿ ತಯಾರಾತು ಅಂತ ನೀ ಖುದ್ದ ವಿಚಾರಿಸಿ ಖಾತ್ರಿ ಮಾಡ್ಕೊಂಡೀ ಅಂತ ಬರದೇವಿ, ಓಟಿಪಿ ಹೇಳಿದ್ರ ಸಹಿ ಆದಂಗ, ಏನಿಲ್ಲ. ಏನಿಲ್ಲ ಅನ್ನುವುದಕ್ಕೆ ಅಷ್ಟು ಹೊತ್ತು ಯಾಕೆ ಬೇಕಾಯಿತು, ಚೀನಾದ ಮಾಲಿಗೆ ಸುಂಕ ಸಿಕ್ಕಾಪಟ್ಟೆ, ವಿಯೆಟ್ನಾಂ ಜೊತೆ ಒಪ್ಪಂದ ಐತಿ, ಅಲ್ಲಿಂದ ಬಂದ್ರ ಸುಂಕ ಸೊನ್ನಿ, ಇದನ್ನೆಲ್ಲ ನನಗೆ ಯಾಕೆ ಬಿಡಿಸಿ ಹೇಳಬೇಕಾಯಿತು, ಮದುವೆಯಾದಾಗಿನಿಂದ ಒಂದು ಬೋಲ್ಟಿನ ಮಾತನ್ನೂ ಹೇಳದವರು. ಮೇಲೆ ಕರದಂಟಿನ ದೊಡ್ಡ ಡಬ್ಬಿ, ನಿನ್ನ ಗೆಳತಿಗೆ ಒಯ್ಯಿ ಅಂತ. ನನ್ನ ಗೆಳತಿಯ ಹೆಸರು ಇವರಿಗೆ ಯಾವಾಗ ನೆನಪಾಯಿತು! ಅತಿ ವಿನಯಂ ಧೂರ್ತ ಲಕ್ಷಣಂ, ಅಪ್ಪ ಹೇಳುತ್ತಿದ್ದ, ಆಗ ನಗು ಬರುತ್ತಿತ್ತು.

ಇಲ್ಲ, ಇರಲಿಕ್ಕಿಲ್ಲ, ನನ್ನದೇ ಹಾಳು ಮನಸ್ಸು, ಅಲ್ಲಿಯವರೇ ಅಂಟಿಸಿ ಕಳಿಸಿರಬಹುದು, ಇವರಿಗೂ ಮೋಸವಾಗಿರಬಹುದು — ಆದರೆ ನನ್ನ ಕೂದಲು ಒಣಗಿಸುವ ಮಷೀನು? ಯುಗಾದಿಗೆ ತಲೆಗೆ ಎರೆದುಕೊಂಡು ಹುಡುಕಿದರೆ ಇಲ್ಲ, ಆಮೇಲೆ ಗೋದಾಮಿನಿಂದ ವಾಪಸು ಬಂತು, ಮೂತಿಗೆಲ್ಲ ಗೋಂದು ಮೆತ್ತಿಕೊಂಡು, ಪೆಟಗಿ ತೇವ ಆಗಿದ್ವು ಒಣಗ್ಸಾಕ ಒಯ್ದಿದ್ದೆ ಅಂದರು, ಈ ಉರಿ ಬೇಸಿಗೆಯಲ್ಲಿ ಗೋಕಾಕದಲ್ಲಿ ಯಾವ ಪೆಟ್ಟಿಗೆ ತೇವವಾಗುತ್ತದೆ ಅಂತ ನಾನು ಕೇಳಬೇಕಿತ್ತು, ಕೇಳಲಿಲ್ಲ, ಸೀಮೆಎಣ್ಣೆ ಹಚ್ಚಿ ಮೂತಿ ತೊಳೆದೆ. ಬಿಸಿ ಗಾಳಿ ಊದಿದರೆ ಸ್ಟಿಕ್ಕರು ಅಂದವಾಗಿ ಬಿಡುತ್ತದೆ, ಮಗಳ ಪಾಟಿಯ ಮೇಲಿನದನ್ನು ನಾನೇ ಹಾಗೆ ಬಿಡಿಸಿದ್ದೆ, ಇವರು ಎದುರಿಗೇ ಕೂತು ನೋಡುತ್ತಿದ್ದರು. ಹಾಗಾದರೆ ಕಲಿಸಿದವಳೂ ನಾನೇ. ಗಾಡಿ ಓಡಿಸುವ ಸಾತಪ್ಪನನ್ನು ಕೇಳಿದ್ದೆ, ಏನ್ ಕೆಲಸಾ ನಡದೈತೋ ಗೋದಾಮಿನ್ಯಾಗ, ಅವನು ನಾ ಏನೂ ನೋಡಿಲ್ರಿ ವೈನಿ ಅಂದ, ನೋಡಿದೆಯಾ ಅಂತ ನಾನೆಲ್ಲಿ ಕೇಳಿದ್ದೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಸ್ಟಮ್ಸನವರು ಗೋದಾಮು ನೋಡಲು ಬಂದುಬಿಟ್ಟಾರೆಂದು ಹಳೆಯದನ್ನು ಬಿಡಿಸಿ ಹೊಸದು ಅಂಟಿಸುವ ಅವಸರ, ಅದರಲ್ಲಿ ಇದೊಂದಕ್ಕೆ ಬಿಡಿಸದೆ ಮೇಲೆಯೇ ಅಂಟಿಸಿಬಿಟ್ಟಿದ್ದಾರೆ, ಮಸಗುಪ್ಪಿಯಲ್ಲಿರುವ ಭಾಗ್ಯಾಳ ಈ ಹೊಲಮನೆಗೆ ಹೋಗುವ ಮಾಲಲ್ಲವೇ, ಇಲ್ಲಿ ಯಾರು ತಿರುವಿ ನೋಡುತ್ತಾರೆ ಅಂತ.

ಮೆಟ್ಟಿಲ ಮೇಲೆ ಬಳೆ ಸದ್ದು, ಭಾಗ್ಯಾಳ ಅತ್ತೆ ಕೆಂಚವ್ವ, ಏನ್ರಿ ಇಲ್ಲಿ ಬಿಸಿಲಾಗ ನಿಂತೀರಿ, ಊಟಕ್ಕ ಬರ್ರಿ, ನಿಮ್ಮ ದಾರಿ ಕಾಯಾಕತ್ತೇವಿ. ಬಂದೆ ಅಕ್ಕಾರ, ಮನಿಯಿಂದ ಫೋನ್ ಐತಿ. ಆಕೆ ಪ್ಯಾನೆಲ್ಲಿನ ಕಡೆ ನೋಡಿದಳು, ನನ್ನ ಕೈ ಆಗಲೇ ಸ್ಟಿಕ್ಕರಿನ ಮೇಲಿತ್ತು, ಸೆರಗು ಸಮೇತ. ಚಲೋ ಮಾಲ ಐತೆಲ್ರಿ ಇದು? ಬಾಜೂ ಅಂಗಡ್ಯಾವ್ರು ಸೋವಿ ಕೊಡ್ತೇವಿ ಅಂದ್ರು, ನಮ್ಮ ಭಾಗ್ಯಾ ಕೇಳ್ಲಿಲ್ಲ, ನಮ್ಮ ತ್ರಿಶಲಾನ ಹೆಸರ ಐತಿ ಅಲ್ಲೇ ತಗೊಳ್ಳೋಣು ಅಂದ್ಳು. ಚಲೋ ಐತ್ರಿ ಅಕ್ಕಾರ, ಅಂದೆ. ಆಕೆ ಇಳಿದು ಹೋದಳು. ಕೈ ಇನ್ನೂ ಅಲ್ಲೇ ಇದೆ, ಗಾಜಿನ ಬೆನ್ನು ಸುಡುತ್ತಿದೆ, ನಾನು ಯಾಕೆ ಮುಚ್ಚಿದೆ, ಯಾರೂ ಹೇಳದೆ ಇಷ್ಟು ಚುರುಕಾಗಿ ಮುಚ್ಚಲು ನಾನು ಯಾವಾಗ ಕಲಿತೆ, ನಾಚಿಕೆಯಾಗುತ್ತದೆ, ಭಾಗ್ಯಾ ನನ್ನ ಹೆಸರು ನೋಡಿ ತಗೊಂಡಳಂತೆ. ಆ ಹೆಸರು! ಬೋರ್ಡು ಏರಿಸಿದ ಸಂಜೆ ಇವರು ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿದ್ದರು, ನನ್ನ ಅತ್ತೆ ಕಮಲಾಬಾಯಿ ದೃಷ್ಟಿ ತೆಗೆದರು, ದೀಪ ಹತ್ತಿತು, ಗೋಕಾಕದ ಪೇಟೆಯ ನಡುವೆ ನನ್ನ ಹೆಸರು, ಖರೆ ಹೇಳಬೇಕೆಂದರೆ ಮದುವೆಯ ದಿನವೂ ಅಷ್ಟು ಖುಷಿಯಾಗಿರಲಿಲ್ಲ, ಅತ್ತುಬಿಟ್ಟೆ, ಇವರು ಕರ್ಚೀಫು ಕೊಟ್ಟರು. ಮೊದಲ ಕಂಟೇನರ್ ಬಂದದ್ದು ಬೋರ್ಡು ಏರಿದ ಮೇಲೆಯೇ. ಅದಕ್ಕೂ ಮುಂಚೆ ಇಲ್ಲೇ ಸಿಗುವ ಮಾಲು ಮಾರುತ್ತಿದ್ದರು, ಆಗ ಅಂಗಡಿ ಇವರ ಹೆಸರಿನಲ್ಲಿಯೇ ಇತ್ತು. ಕರ್ಚೀಫು ಕೊಡುವಾಗಲೇ ಇದೆಲ್ಲ ಇವರ ತಲೆಯಲ್ಲಿತ್ತೇ, ನಾನು ಅಳುತ್ತಿದ್ದಾಗ ಇವರು ಲೆಕ್ಕ ಹಾಕುತ್ತಿದ್ದರೇ, ಅದೊಂದು ಗೊತ್ತಾದರೆ ಸಾಕು, ಸುಂಕ ಹಾಳಾಗಿ ಹೋಗಲಿ.

ಫೋನು. ತ್ರಿಶಲಾ, ಹಳೇದ ಮುಗದೈತಿ, ಹೊಸಾ ಓಟಿಪಿ ಕಳ್ಸೇನಿ, ಲಗೂ ಹೇಳ. ನನ್ನದೇ ದನಿ ಎಷ್ಟು ಮೆತ್ತಗೆ ಬರುತ್ತಿದೆ — ಒಂದ್ ಮಾತ್ರಿ, ಅಂಗಡಿ ಮೊದಲಿನಂಗ ನಿಮ್ಮ ಹೆಸರಿಗೆ ಮಾಡ್ಕೋರಿ, ಈ ಉತ್ತರಕ್ಕ ನೀವ ಸಹಿ ಮಾಡ್ರಿ. ಹೂಂ ಅನ್ನಲಿ, ಬರೀ ಬಾಯಿಮಾತಿಗಾದರೂ ಹೂಂ ಅಂದುಬಿಡಲಿ, ಸುಳ್ಳೇ ಆದರೂ ನಂಬುತ್ತೇನೆ, ಎಲ್ಲ ಅಂಕಿ ಹೇಳಿ ಕೆಳಗೆ ಹೋಗಿ ಹೋಳಿಗೆ ತಿನ್ನುತ್ತೇನೆ. ಯಾಕ, ಯಾರೇನ್ ಹೇಳಿದ್ರ ನಿನಗ? ಯಾರೂ ಏನೂ ಹೇಳಿಲ್ರಿ. ಹುಚ್ಚಿ ಅದೀ ಏನ, ನನ್ನ ಹೆಸರಿದ್ರ ನನ್ನ ಒಳಗ ಹಾಕ್ತಾರ, ನೀ ಹೆಣ್ಣಮಗಳು, ಅತ್ತ ಕರದ್ರ ಬಿಡ್ತಾರ.

ಅಂದ. ಅವನೇ ಅಂದ, ಸನ್ಮತಿ, ನನ್ನ ಗಂಡ. ಅತ್ತು ಕರೆದರೆ ಬಿಡುತ್ತಾರಂತೆ, ನಾನು ಅಳುವುದನ್ನೂ ಲೆಕ್ಕಕ್ಕೆ ಹಿಡಿದಿದ್ದಾನೆ, ಬೋರ್ಡಿನ ಕೆಳಗೆ ನಿಂತು ನೋಡಿದ್ದನಲ್ಲ ಎಷ್ಟು ಚೆನ್ನಾಗಿ ಅಳುತ್ತೇನೆ ಅಂತ, ಈಗ ಅಳು ಮಾತ್ರ ಬರುತ್ತಿಲ್ಲ, ಫೋನು ಕೈಯಲ್ಲಿ ಅದುರಿತು, ಹೊಸ ಅಂಕಿ ಬಂತು, ಹಲೋ, ಹಲೋ, ಬಂತೇನ? ರೇಂಜ್ ಇಲ್ಲೇನ ಅಲ್ಲಿ? ರೇಂಜಿನ ಕಡ್ಡಿಗಳೆಲ್ಲ ತುಂಬಿವೆ, ಇಷ್ಟು ಚೆನ್ನಾಗಿ ಗೋಕಾಕದ ಮನೆಯಲ್ಲೂ ಸಿಗುವುದಿಲ್ಲ, ನಾಲ್ಕು ಅಂದೆ, ಸೊನ್ನೆ ಅಂದೆ, ಬಾಯಿಗೆ ರೂಢಿ, ತಾನೇ ಓದುತ್ತದೆ, ಹಾಂ ನಾಕು ಸೊನ್ನಿ, ಮುಂದ, ಮುಂದ ಹೇಳ, ಮುಂದೆ ಒಂಬತ್ತಿದೆ, ಅದನ್ನಿನ್ನೂ ಅಂದಿಲ್ಲ, ಒಂಬತ್ತರ ಕೆಳಗೆ ಇನ್ನೊಂದು ಸಾಲಿದೆ, ಸಣ್ಣ ಅಕ್ಷರದ್ದು, ಪ್ರತಿ ಸಲವೂ ಇದ್ದಿರಬೇಕು, ಇಷ್ಟು ದಿನ ಅಂಕಿ ಓದಿದವಳು ಅದನ್ನು ಓದೇ ಇರಲಿಲ್ಲ, ಇದನ್ನು ಯಾರಿಗೂ ಹೇಳಬೇಡಿ, ಮುಂದ ತ್ರಿಶಲಾ, ಮುಂದ, ಯಾರಿಗೂ ಹೇಳಬೇಡಿ, ಒಂಬತ್ತು, ಅದರ ಕೆಳಗೆ ಯಾರಿಗೂ ಹೇಳಬೇಡಿ, ಹಲೋ, ಒಂಬತ್ತು, ಅದರ ಕೆಳಗೆ, ಯಾರಿಗೂ —