ಅದು ಉಂಡರೆ ಅತ್ತೆ ಉಣ್ಣುವುದು

ಹಲ್ಲಿ ಇರುವ ಕೋಣೆಗೆ ನಾನು ಕಾಲಿಡುವವಳಲ್ಲ. ಮದುವೆಯಾಗಿ ಬೆಲ್ಲದ ಬಾಗೇವಾಡಿಗೆ ಬಂದ ಹೊಸದರಲ್ಲಿ ತಲೆಯ ಮೇಲೆ ಹಲ್ಲಿ ಲೊಚಗುಟ್ಟಿತೆಂದು ಹಾಲಿನ ಪಾತ್ರೆ ಕೈಬಿಟ್ಟು ಅಂಗಳಕ್ಕೆ ಓಡಿದ್ದೆ. ಇಂಥವಳಿರುವ ಮನೆಗೆ ನನ್ನ ಮೈದುನ ಶ್ರೇಯಸ ಗಾಜಿನ ಪೆಟ್ಟಿಗೆಯಲ್ಲಿ ಗೇಣುದ್ದದ ಓತಿಕ್ಯಾತವೊಂದನ್ನು ಇಟ್ಟುಕೊಂಡು ಬಂದನೆಂದರೆ ಅವನನ್ನು ಏನೆನ್ನಬೇಕು, ನೀವೇ ಹೇಳಿ!

ಶ್ರೇಯಸ ಕೊಲ್ಹಾಪುರದಲ್ಲಿ ಬಣ್ಣದ ಮೀನು, ಗಿಳಿ, ಮೊಲ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಎರಡು ಸಾವಿರದ ಎಂಟರ ಮಳೆಗಾಲವದು. ಬಾಡಿಗೆ ಮನೆಯ ಮಾಲೀಕ ಈ ಪ್ರಾಣಿಯನ್ನು ಕಂಡು ಬೈದು ಹೊರಗೆ ಹಾಕಿದ್ದನಂತೆ. ಬೇರೆ ಮನೆ ಸಿಗುವ ತನಕ ಇಲ್ಲಿರಲಿ ಎಂದು ತಂದಿದ್ದ.

"ವೈನಿ, ಇದು ಆಸ್ಟ್ರೇಲಿಯಾದ್ದ್ರಿ. ಬಿಯರ್ಡೆಡ್ ಡ್ರ್ಯಾಗನ್ ಅಂತಾರ. ಗಡ್ಡ ಐತಿ ನೋಡ್ರಿ ಅದಕ."

ಮೈತುಂಬ ಮುಳ್ಳು, ಗದ್ದದ ಕೆಳಗೂ ಮುಳ್ಳು. ನಾನು ಇಣುಕಿದ್ದೇ ತಡ, ಆ ಗಡ್ಡ ಉಬ್ಬಿ ಕರ್ರಗಾಯಿತು. "ನಿನ್ನ ಬುದ್ಧಿಗಿಷ್ಟು ಬೆಂಕಿ ಹಚ್ಚಲಿ, ಒಯ್ಯೋ ಇದನ್ನ!" ಎಂದು ಕಿರುಚಿ ಅಡುಗೆಮನೆ ಸೇರಿದೆ.

ಅತ್ತೆ ಪದ್ಮವ್ವ ಮಾತ್ರ ಪೆಟ್ಟಿಗೆಯ ಮುಂದೆ ಕುಳಿತು ಮಗನನ್ನು ಒಂದೇ ಪ್ರಶ್ನೆ ಕೇಳಿದರು. "ಏನ್ ತಿಂತೈತಿ ಇದು?"

ನಮ್ಮದು ಜೈನರ ಮನೆ. ಅದರಲ್ಲೂ ಚೌಮಾಸ, ಮಳೆಗಾಲದ ಆ ನಾಲ್ಕು ತಿಂಗಳು, ಹುಳಹುಪ್ಪಡಿ ಎಲ್ಲೆಂದರಲ್ಲಿ ಹುಟ್ಟುವ ಕಾಲ. ಅತ್ತೆ ನೆಲ ನೋಡಿಯೇ ಹೆಜ್ಜೆ ಇಡುತ್ತಿದ್ದರು, ನೀರನ್ನು ಸೋಸಿಯೇ ಕುಡಿಯುತ್ತಿದ್ದರು. ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುತ್ತಿರಲಿಲ್ಲ.

"ಮೊದಲ ಜೀವಂತ ಹುಳ ತಿಂತಿತ್ತವ್ವಾ," ಎಂದ ಶ್ರೇಯಸ ತಲೆ ಕೆರೆದುಕೊಂಡು. "ಈಗ ಡಬ್ಬಿ ಕಾಳಿಗೆ ರೂಢಿ ಮಾಡೇನಿ. ಸೊಪ್ಪು, ಸೋಯಾ, ಹಿಟ್ಟು, ಅಷ್ಟ. ಹುಳ ಹಾಕದ ಮಾಡಿದ್ದನ್ನ ಹುಡುಕಿ ತಂದೇನಿ, ನಿನ್ನಾಣಿ." ಕಂದು ಬಣ್ಣದ ಕಾಳುಗಳನ್ನು ನೀರಲ್ಲಿ ನೆನೆಸಿ ಹಾಕುವುದನ್ನು ತೋರಿಸಿದ. ಪೆಟ್ಟಿಗೆಯ ಮೇಲೊಂದು ದೊಡ್ಡ ಬಲ್ಬು ತೂಗುಹಾಕಿ, ಹಗಲೆಲ್ಲ ಹಚ್ಚಿಡಿ ಎಂದು ಹೇಳಿ, ಬಸ್ಸು ತಪ್ಪುತ್ತದೆಂದು ಓಡಿದ.

ಮೊದಲ ದಿನ ಅದು ಚೆನ್ನಾಗಿಯೇ ತಿಂದಿತು. ಆದರೆ ಮಳೆಯ ಮೋಡ ಕವಿದು ಹಗಲೇ ಕತ್ತಲಾಗಿದ್ದ ಆ ಕೋಣೆಯಲ್ಲಿ ಬಲ್ಬಿಗೆ ರೆಕ್ಕೆಯ ಹುಳುಗಳು ಮುತ್ತಿದವು. ಸಂಜೆ ಅತ್ತೆ ಹೋಗಿ ನೋಡಿದಾಗ ಹತ್ತಾರು ಹುಳುಗಳು ಬಿಸಿ ಗಾಜಿಗೆ ಅಂಟಿ ಸುಟ್ಟುಹೋಗಿದ್ದವು. ಅತ್ತೆ ಅತ್ತೇಬಿಟ್ಟರು. ಬಲ್ಬನ್ನು ಬಿಚ್ಚಿ ಗೋಡೆಯ ಗೂಡಿನಲ್ಲಿಟ್ಟರು. ಬೆಳಕಿಲ್ಲದಿದ್ದರೆ ಓತಿಕ್ಯಾತಕ್ಕೇನು ಕಷ್ಟ, ಅದೇನು ಪೇಪರ್ ಓದುತ್ತದೆಯೇ ಎಂದು ನಾನೂ ಅಂದೆ.

ಅಲ್ಲಿಂದಾಚೆ ಅದು ತಿನ್ನುವುದನ್ನು ಕಡಿಮೆ ಮಾಡುತ್ತ ಬಂದು, ಕೊನೆಗೆ ನಿಲ್ಲಿಸಿಯೇ ಬಿಟ್ಟಿತು. ಶ್ರೇಯಸನನ್ನು ನೆನೆಸಿಕೊಂಡಿದೆ ಅಂದುಕೊಂಡೆವು. ಕಾಳು ಹಾಕಿದರೆ ಕಣ್ಣು ಮುಚ್ಚುತ್ತಿತ್ತು. ಬಾಲದ ಬುಡ ಸೊರಗಿ ಎಲುಬು ಕಂಡಿತು. ಬಾಜೂ ಮನೆಯ ಯಲ್ಲವ್ವ ಒಂದು ದಿನ ಬಾಗಿಲಲ್ಲಿ ನಿಂತು ನೋಡಿ, "ಅಕ್ಕಾರ, ಒಂದ್ ಮಿಡತಿ ಹಿಡದ ತರ್ಲ್ಯಾ? ಕಟಕ್ ಅಂತ ತಿಂತೈತಿ, ನೋಡ್ರಿ ಬೇಕಾರ," ಎಂದಳು. ಸುಳ್ಳೇಕೆ, ನನಗೆ ಹೂಂ ಅನ್ನುವ ಮನಸ್ಸಾಯಿತು. ಒಳಗಿನಿಂದ ಅತ್ತೆ ಬಂದರು.

"ಬ್ಯಾಡವ್ವಾ ಯಲ್ಲವ್ವಾ. ಒಂದರ ಹೊಟ್ಟಿ ತುಂಬಸಾಕ ಇನ್ನೊಂದರ ಜೀವ ತಗಿಯೂದು ಈ ಮನ್ಯಾಗ ಆಗೂದಿಲ್ಲ. ಹಂಗಂತ ಇದನ್ನ ಉಪಾಸ ಕೆಡವಿ ನಾ ಹೆಂಗ ಉಣ್ಣಲಿ? ಇದು ಉಂಡ ದಿನಾನ ನಾ ಉಣ್ತೇನಿ."

ಅತ್ತೆಯ ಬಾಯಿಂದ ನೇಮದ ಮಾತು ಹೊರಟರೆ ಅದು ಹೊರಟೇ ಹೋಯಿತು. ಎಪ್ಪತ್ತು ದಾಟಿದ ಜೀವ, ಮೇಲೆ ಬಿಪಿ ಬೇರೆ. ನನ್ನ ಗಂಡ ರಾವಸಾಹೇಬರು ತಾಯಿಯ ಕಾಲು ಹಿಡಿದುಕೊಂಡರೂ ಅವರು ಕೇಳಲಿಲ್ಲ.

ಹೊತ್ತು ಮುಳುಗುವುದೆಂದರೆ ನನಗೆ ಹೆದರಿಕೆ ಹುಟ್ಟಿದ್ದು ಆಗಲೇ. ಅಷ್ಟರೊಳಗೆ ಆ ಪ್ರಾಣಿ ಬಾಯಿ ತೆರೆಯದಿದ್ದರೆ ಅತ್ತೆಗೆ ಇನ್ನೊಂದು ರಾತ್ರಿ ಉಪವಾಸ. ಕಾಳನ್ನು ಬೆಲ್ಲದ ನೀರಲ್ಲಿ ನೆನೆಸಿದೆ, ಕುಂಬಳದ ಹೂವಿನಲ್ಲಿ ಸುತ್ತಿಟ್ಟೆ, ದೂರ ನಿಂತು ಕಡ್ಡಿಯಿಂದ ಅಲ್ಲಾಡಿಸಿದೆ. ಊಹೂಂ. ಒಂದು ಸಂಜೆ ಕಾಳುಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, "ತಿಂದೈತ್ರಿ ಅತ್ತ್ಯಾರ, ಬರ್ರಿ ಊಟಕ್ಕ," ಎಂದೆ. ಅತ್ತೆ ಎದ್ದು ಗೋಡೆ ಹಿಡಿದುಕೊಂಡು ಬಂದು ಅದರ ಹೊಟ್ಟೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಬೈಯದೆ, ಉಣ್ಣದೆ ಹೋಗಿ ಮಲಗಿದರು. ಬೈದಿದ್ದರೆ ಚಲೋ ಇತ್ತು.

ಮರುದಿನ ಬಸದಿಯಿಂದ ಬರುವಾಗ ಅಂಗಳದಲ್ಲೇ ಕುಸಿದರು. ಹುಕ್ಕೇರಿಯಿಂದ ಡಾಕ್ಟರನ್ನು ಕರೆಸಿದೆವು. "ಹೊಟ್ಯಾಗ ಅನ್ನ ಬೀಳಬೇಕ್ರಿ. ಇವತ್ತೂ ಬೀಳಲಿಲ್ಲಂದ್ರ ನನ್ನ ಕೇಳಬ್ಯಾಡ್ರಿ," ಎಂದು ಅವರು ನಮ್ಮವರ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ಸಲಾಯಿನ್ ಹಚ್ಚಲು ಹೋದರೆ ಅತ್ತೆ ಕೈ ಎಳೆದುಕೊಂಡರು. ಅದೂ ಉಣ್ಣುವುದೇ ಅಲ್ಲವೇ ಎಂದರು.

ನಾನು ಶ್ರೇಯಸನಿಗೆ ಫೋನ್ ಹಚ್ಚಿ ಬಾಯಿಗೆ ಬಂದಂತೆ ಬೈದೆ. ಅವನು ನಡುವೆ ತಡೆದು ಕೇಳಿದ. "ವೈನಿ, ಬಲ್ಬ್ ಹಚ್ಚೀರಿಲ್ಲೋ?"

"ಯಾವ ಬಲ್ಬೋ? ಅದನ್ನ ತಗದ ಭಾಳ ದಿನಾತು."

"ಅದು ಬೆಳಕಿಗಲ್ರಿ ವೈನಿ, ಕಾವಿಗೆ! ಮೈ ಬೆಚ್ಚಗಾಗಲಿಲ್ಲಂದ್ರ ಅದಕ್ಕ ಹಸಿವಾಗೂದಿಲ್ಲ. ತಿಂದದ್ದೂ ಅರಗೂದಿಲ್ಲ. ಈಗಿಂದೀಗ ಹಚ್ಚರಿ."

ಬಲ್ಬನ್ನು ತಂದು ತಿರುಗಿಸಿ ಸ್ವಿಚ್ ಒತ್ತಿದೆ. ಕರೆಂಟ್ ಇಲ್ಲ. ಬೆಳಗಿನ ಗಾಳಿಗೆ ತಂತಿ ಹರಿದಿತ್ತು, ನಾಳೆಯವರೆಗೆ ಬರುವಂತಿರಲಿಲ್ಲ.

"ಒಲಿ ಬಾಜೂ ಇಡ್ಲೇನೋ?"

"ಬ್ಯಾಡ್ರೀ, ಸುಟ್ಟಗೋತೈತಿ. ಮೈಗೆ ಹಚ್ಚಿಗೊಂಡ ಕೂಡ್ರಿ. ಸೆರಗಿನ್ಯಾಗ, ಹೊಟ್ಟಿ ಮ್ಯಾಲ. ಅಂಗಡ್ಯಾಗ ಕರೆಂಟ್ ಹೋದ್ರ ನಾವೂ ಹಂಗ ಮಾಡ್ತೇವಿ."

ಹೊಟ್ಟೆಯ ಮೇಲೆ! ಅವನು ಅಂದದ್ದನ್ನು ನಮ್ಮವರಿಗೆ ಹೇಳಿದೆ. ಮಲಗಿದ್ದ ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. "ನನ್ನ ತಪ್ಪು. ಇತ್ತ ತಾ, ನಾ ಇಟ್ಕೋತೇನಿ," ಎಂದು ಕೈ ಚಾಚಿದರು. ಆ ಕೈ ಹಿಡಿದೆ. ಬಾವಿಯ ಹಗ್ಗದಂತೆ ತಣ್ಣಗಿತ್ತು. ಕೊಡುವ ಬಿಸಿ ಆ ಮೈಯಲ್ಲಿ ಉಳಿದಿರಲಿಲ್ಲ. "ನಾನರ ಇಟ್ಕೋಲ್ಯಾ?" ಎಂದು ನಮ್ಮವರು ಅಂದರು. ಪಾಪ, ಡಾಕ್ಟರನ್ನು ಕರೆತರಲು ಮಳೆಯಲ್ಲಿ ಹೋಗಿಬಂದ ಅವರ ಮೈಯೂ ನೆಂದು ಥಂಡಿಯಾಗಿತ್ತು.

ಬೆಳಗಿನಿಂದ ಒಲೆಯ ಮುಂದೆ ಇದ್ದವಳು ನಾನೊಬ್ಬಳೇ.

"ನೀವು ಹಿಡದ ಕೊಡ್ರಿ. ನಾ ಕಣ್ಣ ಮುಚ್ಚಿಗೋತೇನಿ," ಎಂದೆ. ಗೋಡೆಗೆ ಒರಗಿ ಕುಳಿತೆ. ತಣ್ಣನೆಯದೊಂದು ಹೊಟ್ಟೆಯ ಮೇಲೆ ಬಂದು ಬಿತ್ತು. ಮುಳ್ಳು, ಮುಳ್ಳು! ಉಗುರುಗಳು ತೊಗಲಿಗೆ ಕಚ್ಚಿಕೊಂಡವು. ಕೂಗು ಗಂಟಲಿಗೆ ಬಂತು, ಸೆರಗನ್ನು ಬಾಯಿಗೆ ತುರುಕಿಕೊಂಡೆ. ಕೊಡವಿ ಎಸೆದು ಓಡಬೇಕೆಂದು ಮೈಯೆಲ್ಲ ಎಳೆಯುತ್ತಿತ್ತು. ಎಸೆದರೆ ಅದು ಸಾಯುತ್ತದೆ, ಅದರ ಹಿಂದೆ ಅತ್ತೆ. ಣಮೋಕಾರ ಮಂತ್ರ ಹೇಳಿಕೊಳ್ಳಲು ಹೋದರೆ ಎರಡನೆಯ ಸಾಲೇ ನೆನಪಾಗಲಿಲ್ಲ. ಅದು ನಿಧಾನಕ್ಕೆ ಮೇಲಕ್ಕೆ ಹತ್ತಿ ಎದೆಯ ಕೆಳಗೆ ನಿಂತಿತು. ನನ್ನ ಎದೆ ಬಡಿದುಕೊಂಡ ರಭಸಕ್ಕೆ ಅದೇ ಹೆದರಿತೋ ಏನೋ.

ನಮ್ಮವರು ಅಂಗಳದಲ್ಲಿ ನಿಂತು ಮೋಡವನ್ನೂ ಗಡಿಯಾರವನ್ನೂ ನೋಡುತ್ತಿದ್ದರು. "ಇನ್ನ ಸ್ವಲ್ಪ ಐತಿ ಹೊತ್ತು," ಎಂದು ಆಗಾಗ ಕೂಗುತ್ತಿದ್ದರು. ಪ್ರತಿ ಸಲವೂ ಅವರ ದನಿ ಸಣ್ಣಗಾಗುತ್ತಿತ್ತು.

ಎಷ್ಟೋ ಹೊತ್ತಿಗೆ ಸೆರಗಿನೊಳಗಿನ ತಣ್ಣನೆಯದು ತಣ್ಣಗಿಲ್ಲ ಎಂದು ತಿಳಿಯಿತು. ಕಣ್ಣು ಬಿಟ್ಟೆ. ಅದು ತಲೆ ಹೊರಗೆ ಹಾಕಿ ನನ್ನನ್ನೇ ನೋಡುತ್ತಿತ್ತು. ಗಡ್ಡ ಕಪ್ಪಾಗಿರಲಿಲ್ಲ. ನೆನೆಸಿದ ಕಾಳೊಂದನ್ನು ಬೆರಳ ತುದಿಯಲ್ಲಿ ಹಿಡಿದು ಅದರ ಮುಂದೆ ಆಡಿಸಿದೆ.

"ತಿನ್ನೋ ನನ್ನಪ್ಪಾ. ನಿನ್ನ ಕಾಲ ಬೀಳ್ತೇನಿ, ತಿನ್ನೋ."

ತಲೆ ವಾರೆ ಮಾಡಿತು. ನಾಲಿಗೆ ಚಾಚಿ ಕಾಳನ್ನು ಎಳೆದುಕೊಂಡಿತು. ಗಂಟಲು ಉಬ್ಬಿ ಇಳಿಯಿತು. ಇನ್ನೊಂದು ಹಿಡಿದೆ, ಅದನ್ನೂ ತಿಂದಿತು.

"ಅತ್ತ್ಯಾರ! ನೋಡ್ರಿ, ಖರೇನ ತಿನ್ನಾಕತ್ತೈತಿ!"

ಅತ್ತೆ ಮೊಣಕೈ ಊರಿ ಎದ್ದು ನೋಡಿದರು. ಈ ಸಲ ನನ್ನ ಮುಖವನ್ನು ನೋಡಲಿಲ್ಲ. "ಹೊತ್ತೈತೇನೋ ರಾವಸಾಹೇಬಾ?" ಎಂದು ಮಗನನ್ನು ಕೇಳಿದರು.

"ಐತವ್ವಾ, ಐತಿ!" ನಮ್ಮವರು ಗಂಜಿಯ ಬಟ್ಟಲು ಹಿಡಿದು ಓಡಿ ಬಂದರು. ಅತ್ತೆಯ ಬಾಯಿಗೆ ಒಂದು ಚಮಚ ಇಟ್ಟರು. ಅತ್ತೆ ಕಣ್ಣು ಮುಚ್ಚಿದರು. ಗಂಜಿ ಬಾಯಲ್ಲೇ ನಿಂತಿತು. ತುಟಿಯ ಅಂಚಿನಿಂದ ಒಂದಿಷ್ಟು ಹೊರಗೆ ಇಳಿಯಿತು. ಕೊರಳು ಆಡಲೇ ಇಲ್ಲ.

ಹೊಟ್ಟೆಯ ಮೇಲೆ ಅದನ್ನಿಟ್ಟುಕೊಂಡು ನಾನು ಏಳುವಂತಿರಲಿಲ್ಲ. ಅತ್ತೆಯ ಎದುರು ಎಂದೂ ಎತ್ತದ ದನಿ ಎತ್ತಿದೆ.

"ನುಂಗ್ರಿ ಅತ್ತ್ಯಾರ! ನುಂಗ್ರಿ!"

ಅವರ ಗಂಟಲನ್ನೇ ನೋಡುತ್ತ ಕುಳಿತೆ. ಕೊನೆಗೆ ಅದು ಉಬ್ಬಿ, ಇಳಿಯಿತು.

"ಇನ್ನೊಂದು," ಎಂದೆ. ನಮ್ಮವರು ಚಮಚ ತುಂಬಿದರು.