ಅಪ್ಪನ ಪರವಾಗಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಹೇಳಲಿ ಬಿಡಿ. ನಾನು ಹೊಲಿಯುತ್ತ ಕೂತಿರುವ ಕೋಣೆಗೆ ಗುರುತು ಪರಿಚಯ ಇಲ್ಲದವನೊಬ್ಬ ಬಂದು, ಗೋಡೆಯಿಂದ ಗೋಡೆಗೆ ಟೇಪು ಹಿಡಿದು ಅಳತೆ ತೆಗೆದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಅದೂ ನನ್ನದೇ ಟೇಪು.

ಅವನನ್ನು ಕರೆತಂದವನು ನನ್ನ ಅಣ್ಣ. ಅಪ್ಪ ತೀರಿಕೊಂಡು ಆಗಿನ್ನೂ ಒಂದೂವರೆ ತಿಂಗಳು. ಅಮ್ಮ ಎಂದೋ ಹೋಗಿದ್ದಳು. ಉಳಿದವರು ನಾವಿಬ್ಬರೇ. ಏಳು ವರ್ಷದ ಹಿಂದೆ ಅಪ್ಪನ ಬಲಗೈ ಸ್ವಾಧೀನ ತಪ್ಪಿದಾಗ, ತನ್ನ ಪರವಾಗಿ ಎಲ್ಲ ವ್ಯವಹಾರ ನೋಡಿಕೊಳ್ಳಲಿ ಎಂದು ಎಡಗೈ ಹೆಬ್ಬೆಟ್ಟು ಒತ್ತಿ ಅಣ್ಣನಿಗೆ ಪವರ್ ಆಫ್ ಅಟಾರ್ನಿ ಮಾಡಿಕೊಟ್ಟಿದ್ದರು. ಅಂದಿನಿಂದ ಅಣ್ಣನ ಕಂಕುಳಲ್ಲಿ ಒಂದು ಫೈಲು, ಮುಖದಲ್ಲಿ ಒಂದು ಗತ್ತು.

"ಮನೆ ಮಾರ್ತಾ ಇದೀನಿ," ಅಂದ. "ನಾಳೆ ರಿಜಿಸ್ಟ್ರೇಷನ್. ನೀನು ಸೈನ್ ಹಾಕೋದೂ ಬೇಡ, ಕಾಗದ ನನ್ ಹತ್ರ ಇದೆ. ನಿನ್ ಪಾಲು ನಿನಗೆ ಬರುತ್ತೆ."

"ಪಾಲು ತಗೊಂಡು ಉಪ್ಪಿನಕಾಯಿ ಹಾಕ್ಲಾ? ಹದಿನೆಂಟು ವರ್ಷದಿಂದ ಗಿರಾಕಿಗಳು ಈ ಬಾಗಿಲಿಗೇ ಬರೋದು."

"ಬೇರೆ ಕಡೆ ಅಂಗಡಿ ಹಾಕು."

ಹೇಳುವುದು ಸುಲಭ. ಬೀದಿಗೆ ತೆರೆದ ಬಾಗಿಲು, ಸಂಜೆಯವರೆಗೂ ಸೂಜಿಗೆ ದಾರ ಪೋಣಿಸುವಷ್ಟು ಬೆಳಕು, ಇದನ್ನು ಬಿಟ್ಟರೆ ನನ್ನ ಅನ್ನವೇ ಹೋದಂತೆ. ರಾತ್ರಿಯಿಡೀ ಹಲ್ಲು ಕಡಿದೆ.

ಮರುದಿನ ನೋಂದಣಿ ಕಚೇರಿಗೆ ನಾನೂ ಹೋದೆ, ಜಗಳ ಮಾಡಲೆಂದೇ ಹೋದೆ. ಬೆಂಚಿನ ಮೇಲೆ ಕೂತು ಮಾತು ಮಸೆಯುತ್ತಿದ್ದೆ. ಒಂದೂ ಬೇಕಾಗಲಿಲ್ಲ.

ಗುಮಾಸ್ತರು ಫೈಲು ತಿರುವಿ ಹಾಕಿ ಕೇಳಿದರು, "ಬರೆದುಕೊಟ್ಟವರು ಎಲ್ಲಿ?"

"ತೀರಿಕೊಂಡ್ರು. ಈಗಿರೋದು ನಾನು, ಈ ನನ್ ತಂಗಿ, ಇಬ್ಬರೇ," ಅಂದ ಅಣ್ಣ.

"ಹಾಗಾದ್ರೆ ಇದೂ ಮುಗೀತಲ್ಲ. ಕೊಟ್ಟವರು ಹೋದ ದಿನವೇ ಈ ಅಧಿಕಾರಾನೂ ಹೋಯ್ತು. ಈಗ ಮನೆ ನಿಮ್ಮಿಬ್ಬರದೂ. ಇಬ್ಬರೂ ಒಪ್ಪಬೇಕು, ಇಬ್ಬರೂ ಸೈನ್ ಹಾಕಬೇಕು."

ಕೊಳ್ಳಲು ಬಂದವನು ನನ್ನ ಮುಖ ನೋಡಿದ, ಗಡಿಯಾರ ನೋಡಿದ, ಹೊರಟೇ ಹೋದ. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಅಣ್ಣನ ಮುಖ ಇಂಗು ತಿಂದ ಮಂಗನ ಹಾಗೆ ಆಗಿರುತ್ತದೆ ಎಂದು ತಿರುಗಿದರೆ, ಆಸಾಮಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಸ್ವಾಮಿ, ಅಂದ್ರೆ ಇನ್ಮೇಲೆ ಕಂದಾಯ, ನೀರಿನ ಆಫೀಸು, ಪಕ್ಕದ ಮನೆಯವರ ಗೋಡೆ ತಕರಾರು, ಯಾವುದೂ ನನ್ನೊಬ್ಬನ ತಲೆ ಮೇಲಿಲ್ವಾ?"

"ಇಬ್ಬರ ತಲೆ ಮೇಲೂ ಇದೆ."

"ಇನ್ನೊಂದ್ಸಲ ಹೇಳಿ."

"ಮತ್ತೆ ಮನೆ ಮಾರೋಕೆ ಯಾಕೆ ಹೊರಟೆ?" ಎಂದೆ.

"ಸಾಕಾಗಿತ್ತು ಕಣೇ. ಏಳು ವರ್ಷದ ರಜೆಯೆಲ್ಲ ಇಂಥ ಕಿಟಕಿಗಳ ಮುಂದೆ ನಿಂತೇ ಹೋಯ್ತು. ಅಪ್ಪ ನೋಡ್ಕೋ ಅಂದ್ರು, ಎಲ್ಲೀವರೆಗೆ ಅಂತ ಹೇಳ್ಲಿಲ್ಲ. ಮಾರಿದ್ರೇನೇ ಬಿಡುಗಡೆ ಅಂದ್ಕೊಂಡೆ."

"ನನಗೊಂದು ಮಾತು ಹೇಳಬಾರದಿತ್ತಾ?"

"ನಿನ್ನ ಬಾಯಿಗೆ ಹೆದರಿದ್ದೆ."

ನಾಚಿಕೆಯಾಯಿತು. ನಾನು ಗತ್ತು ಎಂದುಕೊಂಡಿದ್ದೆನಲ್ಲ, ಅದು ಬರೀ ಸುಸ್ತು. ಏಳು ವರ್ಷದಲ್ಲಿ ಒಂದು ದಿನವಾದರೂ, ಆ ಫೈಲು ಇತ್ತ ಕೊಡು, ನಾನೇ ಹೋಗಿ ಬರುತ್ತೇನೆ ಎಂದವಳಲ್ಲ ನಾನು.

"ಮನೆ ಮುಂದಿನ ಭಾಗ ನನಗೆ, ಹಿಂದಿನದು ನಿನಗೆ," ಎಂದೆ. "ಇನ್ನು ಏಳು ವರ್ಷ ಓಡಾಟವೆಲ್ಲ ನಂದು."

"ನೀನು ಹೋದ್ರೆ ಕಚೇರಿಯವರ ಗತಿ ಏನೇ?"

"ಅದು ಅವರ ಹಣೆಬರಹ."

ಗುಮಾಸ್ತರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು.

ಹದಿನೈದು ದಿನದಲ್ಲಿ ಮನೆಯ ವಿಭಾಗಪತ್ರ ಸಿದ್ಧವಾಯಿತು. ಅದೇ ಕಚೇರಿಯಲ್ಲಿ ನಾನು ಸರಸರನೆ ಸಹಿ ಹಾಕಿದೆ. ಅಣ್ಣ ಪೆನ್ನು ಎತ್ತಿದವನೇ, ಕೈಗೆ ರೂಢಿಯಾಗಿಬಿಟ್ಟಿತ್ತಲ್ಲ, ಅಪ್ಪನ ಹೆಸರು ಬರೆದು ಪಕ್ಕದಲ್ಲಿ 'ಇವರ ಪರವಾಗಿ' ಎಂದು ಸೇರಿಸಿದ. ಗುಮಾಸ್ತರು ಆ ಹಾಳೆ ತೆಗೆದು ಹೊಸದು ಕೊಟ್ಟರು. ಅದರಲ್ಲೂ ಅದನ್ನೇ ಬರೆದ. ಮೂರನೆಯ ಹಾಳೆಯ ಮೇಲೆ ಅವನ ಕೈ ನಿಂತೇಬಿಟ್ಟಿತು.

"ಅಪ್ಪ ಇಲ್ಲ ಅಲ್ವೇನೇ," ಅಂದ.

ಅಪ್ಪ ಹೋದ ದಿನವೂ ಕಾಗದ ಪತ್ರ ಎಂದು ಓಡಾಡುತ್ತ ಒಂದು ಹನಿ ಕಣ್ಣೀರು ಹಾಕದವನು, ಅಲ್ಲೇ ಮೇಜಿನ ಮುಂದೆ ಬಿಕ್ಕಿ ಬಿಕ್ಕಿ ಅತ್ತ. ನನಗೂ ತಡೆಯಲಾಗಲಿಲ್ಲ. ಚೀಲದಲ್ಲಿದ್ದ ಲೈನಿಂಗ್ ಬಟ್ಟೆಯ ಚೂರನ್ನು ಎರಡು ಮಾಡಿ ಒಂದು ಅವನಿಗೆ ಕೊಟ್ಟೆ.

"ಇದನ್ನೂ ಒದ್ದೆ ಮಾಡಿ ಕೆಡಿಸಿದ್ರೆ ನಾಲ್ಕನೇ ಹಾಳೆ ಇಲ್ಲ," ಅಂದರು ಗುಮಾಸ್ತರು. ಅಳುತ್ತಿದ್ದವರು ಇಬ್ಬರೂ ನಕ್ಕುಬಿಟ್ಟೆವು. ಅಣ್ಣ ಮೂಗು ಒರೆಸಿಕೊಂಡು, ನಿಧಾನವಾಗಿ, ಬರೀ ತನ್ನ ಸಹಿ ಹಾಕಿದ.

ಅಲ್ಲಿಂದ ನೇರ ನನ್ನ ಕೋಣೆಗೇ ಬಂದ. "ಒಂದು ಪ್ಯಾಂಟ್ ಹೊಲಿದುಕೊಡು," ಅಂದ. "ಕಚೇರಿ ಅಲೆಯೋಕಲ್ಲ, ಸುಮ್ಮನೆ ಊರೂರು ತಿರುಗೋಕೆ."

ಸೊಂಟದ ಸುತ್ತಳತೆ ತೆಗೆದು, ಹೊಟ್ಟೆ ಒಳಗೆ ಎಳೆದುಕೊಳ್ಳಬೇಡ ಎಂದು ಗದರಿ, ಆರ್ಡರ್ ಪುಸ್ತಕ ಬಿಚ್ಚಿದೆ. "ಯಾರ ಹೆಸರಿಗೆ ಬರ್ಕೊಳ್ಲಿ?"

ಅಣ್ಣ ನೆಟ್ಟಗೆ ನಿಂತು ತನ್ನ ಹೆಸರು ಹೇಳಿದ, ಬೀದಿಗೆಲ್ಲ ಕೇಳಿಸುವ ಹಾಗೆ.